ಇಂಗ್ಲೆಂಡಿನ ಜಿಗುಟು ಮಣ್ಣಿಗೆ ಮಾಗಿ ಕೆಲಸ

ದಾವಣಗೆರೆ ಕಡೆ ಎರೆಹೊಲ ಮಾಡುವವರಿಗೆ ಮಾಗಿ ಉಳುಮೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಪೈರು ತೆಗೆದ ಮೇಲೆ ನೆಲ ಮಗುಚಿದರೆ ಹೆಂಟೆ ಬಿಸಿಲಿಗೆ ಒಡೆಯುತ್ತದೆ, ಒಳಗಿದ್ದ ಹುಳು ಹಕ್ಕಿಗೆ ಸಿಗುತ್ತದೆ, ಮುಂದೆ ಬರುವ ಮಳೆ ಹರಿದುಹೋಗದೆ ಇಂಗುತ್ತದೆ. ಇಂಗ್ಲೆಂಡಿನ ನಡುಭಾಗವಾದ ಮಿಡ್‌ಲ್ಯಾಂಡ್ಸ್‌ನಲ್ಲಿ ತೋಟ ಮಾಡುವವರ ಅಕ್ಟೋಬರ್–ನವೆಂಬರ್ ಕೆಲಸವೂ ಹೆಚ್ಚುಕಡಿಮೆ ಇದೇ. ಊರಲ್ಲಿ ಬಿಸಿಲು ಮಾಡುವುದನ್ನು ಇಲ್ಲಿ, ಇಂಗ್ಲೆಂಡಿನಲ್ಲಿ, ಹಿಮ ಮಾಡುತ್ತದೆ. ಚಳಿ ಬಂತಲ್ಲ, ಇನ್ನು ತೋಟಕ್ಕೆ ರಜೆಯೇ ಎಂದು ಊರಿನಿಂದ ಕೇಳುತ್ತಾರೆ. ರಜೆ ಬರುವುದು ಡಿಸೆಂಬರಿಗೆ. ಅದಕ್ಕೆ ಮೊದಲಿನ ಎಂಟು ವಾರದಲ್ಲಿ ಬಿಟ್ಟ ಕೆಲಸವನ್ನು ವಸಂತದಲ್ಲಿ ಎಷ್ಟು ಓಡಾಡಿದರೂ ತುಂಬಿಕೊಳ್ಳಲಾಗದು.

ಇಲ್ಲಿ ಹಿತ್ತಲಿಲ್ಲದವರು ಅಲಾಟ್‌ಮೆಂಟ್ ಹಿಡಿಯುತ್ತಾರೆ. ಅಂದರೆ ಸ್ಥಳೀಯ ಆಡಳಿತ ವರ್ಷದ ಬಾಡಿಗೆಗೆ ಕೊಡುವ ತರಕಾರಿ ಭೂಮಿ. ಹಳೆಯ ಅಳತೆಯ ಪೂರ್ತಿ ತುಂಡು 10 ರಾಡ್, ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕಕ್ಕೆ ಎರಡೂವರೆ ಗುಂಟೆ. ಮಣ್ಣು ಬಹಳ ಕಡೆ ಕೆಂಪು ಇಲ್ಲವೇ ಬೂದು ಬಣ್ಣದ ಜೇಡಿ. ನಮ್ಮ ಎರೆಯಷ್ಟು ಆಳಕ್ಕೆ ಬಿರಿಯದಿದ್ದರೂ ಹದ ತಪ್ಪಿದರೆ ಅದರಷ್ಟೇ ಕಾಡುತ್ತದೆ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಹೆಬ್ಬೆರಳಲ್ಲಿ ಒತ್ತಬೇಕು. ಪುಡಿಯಾದರೆ ಅಗೆಯಬಹುದು, ಬೆರಳ ಗುರುತು ಹೊಳೆಯುತ್ತ ಉಳಿದರೆ ಗುದ್ದಲಿ ಮುಟ್ಟಬಾರದು. ಒದ್ದೆ ಜೇಡಿಯನ್ನು ತುಳಿದರೆ ಒಳಗಿನ ಗಾಳಿಯ ಸಂದು ಮುಚ್ಚಿ, ಚಳಿಗಾಲವಿಡೀ ನೀರು ಮೇಲೇ ನಿಲ್ಲುತ್ತದೆ. ಹಾಗಾಗಿ ಅಗೆತವೆಲ್ಲ ಅಕ್ಟೋಬರ್ ಕೊನೆಯೊಳಗೆ ಮುಗಿಯಬೇಕು, ಆಮೇಲೆ ಮಡಿಗೆ ಇಳಿಯಲೇಬೇಕಾದರೆ ಹಲಗೆ ಹಾಸಿಕೊಂಡೇ. ಅಗೆದ ಹೆಂಟೆಗಳನ್ನು ಒಡೆಯದೆ ಹಾಗೇ ಬಿಡಬೇಕು. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಆ ಒತ್ತಡವೇ ಹೆಂಟೆಯನ್ನು ಸೀಳುತ್ತದೆ, ಮಾರ್ಚ್ ಹೊತ್ತಿಗೆ ಕುಂಟೆ ಎಳೆದರೆ ಸಾಕು. ವರ್ಷ ವರ್ಷ ಗೊಬ್ಬರ ಕಂಡು ಸಡಿಲವಾದ ಮಡಿಗಳಿಗೆ ಅಗೆತವೇ ಬೇಡ, ಮೇಲ್ಹೊದಿಕೆ ಸಾಕು.

ಹೊದಿಕೆ ಎಂದರೆ 5 ಸೆಂಟಿಮೀಟರ್ ದಪ್ಪಕ್ಕೆ ಕಳಿತ ಗೊಬ್ಬರ. 10 ಚದರ ಮೀಟರಿಗೆ ಅರ್ಧ ಘನ ಮೀಟರ್ ಬೇಕು. ದನದ ಗೊಬ್ಬರಕ್ಕಿಂತ ಕುದುರೆ ಲಾಯದ್ದು ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲೊಂದು ಅಪಾಯ ಇದೆ. ಹುಲ್ಲುಗಾವಲಿಗೆ ಹೊಡೆಯುವ ಅಮೈನೋಪೈರಾಲಿಡ್ ಎಂಬ ಕಳೆನಾಶಕ ಹುಲ್ಲಿನಿಂದ ಕುದುರೆಯ ಹೊಟ್ಟೆಗೆ, ಅಲ್ಲಿಂದ ಲದ್ದಿಗೆ ಕೆಡದೆ ದಾಟುತ್ತದೆ. ಇಂಥ ಗೊಬ್ಬರ ಹಾಕಿದ ಮಡಿಯಲ್ಲಿ ಟೊಮೆಟೊ, ಹುರುಳಿಕಾಯಿ, ಆಲೂಗಡ್ಡೆಯ ಎಲೆ ಬಟ್ಟಲಿನಂತೆ ಮುದುರಿ, ತುದಿ ಸುರುಳಿಸುತ್ತಿ ಗಿಡ ನಿಂತುಹೋಗುತ್ತದೆ. ಗಾಡಿಗಟ್ಟಲೆ ತರಿಸುವ ಮೊದಲು ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿ, ಇನ್ನೊಂದರಲ್ಲಿ ಬೆರೆಸದೆ ಬ್ರಾಡ್ ಬೀನ್ಸ್ ಬಿತ್ತಿ ಮೂರ್ನಾಲ್ಕು ವಾರ ನೋಡುವುದು ಒಳ್ಳೆಯದು. ಕೋಸು ಬೆಳೆಯುವ ಮಡಿಗೆ, ಬೇರು ಗದೆಯಂತೆ ಊದುವ ಕ್ಲಬ್‌ರೂಟ್ ರೋಗ ತಡೆಯಲು, ಇದೇ ಕಾಲದಲ್ಲಿ ಸುಣ್ಣ ಹಾಕುತ್ತಾರೆ. ಗೊಬ್ಬರ ಮತ್ತು ಸುಣ್ಣ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಆದ್ದರಿಂದ ಎರಡರ ನಡುವೆ ಕೆಲವು ವಾರಗಳ ಅಂತರ ಇರಬೇಕು. ದಾವಣಗೆರೆಯ ಎರೆಯಲ್ಲಿ ಸುಣ್ಣದ ಅಂಶ ಮೊದಲೇ ಇದೆ. ಇದನ್ನು ಓದಿ ಅಲ್ಲಿ ಯಾರೂ ಸುಣ್ಣ ಎರಚಬೇಡಿ.

ಹಿಮಕ್ಕೆಂದು ಅಗೆದು ಹೆಂಟೆ ಬಿಟ್ಟ ಮಡಿ ಹೊರತು ಬೇರೆಲ್ಲೂ ಬರಿ ನೆಲ ಉಳಿಯಕೂಡದು, ಚಳಿಗಾಲದ ಮಳೆಗೆ ನೈಟ್ರೇಟ್ ಕೊಚ್ಚಿಹೋಗುತ್ತದೆ. ಭದ್ರಾ ನಾಲೆಯ ಗದ್ದೆಗಳಿಗೆ ಹಸಿರುಗೊಬ್ಬರಕ್ಕೆಂದು ಡಯಾಂಚ ಬಿತ್ತುವ ಹಾಗೆ ಇಲ್ಲಿ ಅಕ್ಟೋಬರ್ ಮುಗಿಯುವುದರೊಳಗೆ ರೈ ಎಂಬ ಧಾನ್ಯ ಬಿತ್ತುತ್ತಾರೆ. ಅದನ್ನು ಮಣ್ಣಿಗೆ ಸೇರಿಸಿದ ಮೇಲೆ ಮೂರ್ನಾಲ್ಕು ವಾರ ಕಾಯಬೇಕು. ಕೊಳೆಯುವ ರೈ ಬಿಡುವ ರಸಕ್ಕೆ ಗಜ್ಜರಿಯಂಥ ಸಣ್ಣ ಬೀಜ ಸರಿಯಾಗಿ ಮೊಳೆಯುವುದಿಲ್ಲ.

ಇಷ್ಟು ಅವಸರಕ್ಕೆ ಚಳಿಯೊಂದೇ ಕಾರಣ ಅಲ್ಲ, ಬೆಳಕೂ ಕಾರಣ. ದಾವಣಗೆರೆಯಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ಇಲ್ಲಿ ಡಿಸೆಂಬರಿನಲ್ಲಿ ಅದು 8 ಗಂಟೆಗೂ ಕಡಿಮೆ. ಹಗಲು 10 ಗಂಟೆಗಿಂತ ಇಳಿದರೆ ಗಿಡದ ಬೆಳವಣಿಗೆ ಹೆಚ್ಚುಕಡಿಮೆ ನಿಂತಂತೆ, ಅಕ್ಟೋಬರಿನ ಕೊನೆಯ ವಾರದಿಂದ ಫೆಬ್ರವರಿಯ ಮಧ್ಯದವರೆಗೆ ಇದೇ ಸ್ಥಿತಿ. ನೆಡುವುದೆಲ್ಲ ಅದಕ್ಕೆ ಮುಂಚೆ ಬೇರು ಹಿಡಿದಿರಬೇಕು.

ಬೆಳ್ಳುಳ್ಳಿ ಇದಕ್ಕೆ ಒಳ್ಳೆಯ ಉದಾಹರಣೆ. ಎಸಳನ್ನು ಚೂಪು ತುದಿ ಮೇಲಾಗಿ, ತುದಿಯ ಮೇಲೆ 2.5 ಸೆಂಟಿಮೀಟರ್ ಮಣ್ಣು ಬರುವಂತೆ ಊರಬೇಕು. ಎಸಳಿನ ನಡುವೆ 15, ಸಾಲಿನ ನಡುವೆ 30 ಸೆಂಟಿಮೀಟರ್. ಒಂದೆರಡು ತಿಂಗಳು 10 ಡಿಗ್ರಿಗಿಂತ ಕೆಳಗಿನ ಚಳಿ ತಿಂದರೆ ಮಾತ್ರ ಗಡ್ಡೆ ಎಸಳಾಗಿ ಒಡೆಯುತ್ತದೆ. ವಸಂತದಲ್ಲಿ ತಡವಾಗಿ ನೆಟ್ಟರೆ ಈರುಳ್ಳಿಯಂಥ ಒಂಟಿ ಗಡ್ಡೆಯೇ ಗತಿ. ಊರಿಗೆ ಬರುವಾಗ ಇಲ್ಲಿನ ಬೀಜ ತನ್ನಿ ಎನ್ನುವವರಿಗೂ ಒಂದು ಮಾತು: ಇಲ್ಲಿನ ತಳಿಗಳು ಉದ್ದ ಹಗಲಿಗೆ ಗಡ್ಡೆ ಕಟ್ಟುವಂಥವು, ಬಯಲುಸೀಮೆಯ ಹಗಲಿಗೆ ಬರೀ ಸೊಪ್ಪು ಬಿಡುತ್ತವೆ.

ಟ್ಯುಲಿಪ್ ಗಡ್ಡೆಗೆ ಮಾತ್ರ ಆತುರ ಬೇಡ. ನವೆಂಬರಿಗೆ ನೆಟ್ಟರೆ ಎಲೆ ಸುಡುವ ಶಿಲೀಂಧ್ರದ ಕಾಟ ಕಡಿಮೆ. ಡೇರೆ ಹೂವಿನ ಸೊಪ್ಪು ಮೊದಲ ಹಿಮಕ್ಕೆ ಕಪ್ಪಾದ ಮೇಲೆ ದಂಟನ್ನು 10–15 ಸೆಂಟಿಮೀಟರಿಗೆ ಕತ್ತರಿಸಿ, ಗೆಡ್ಡೆ ಕಿತ್ತು, ಎರಡು ಮೂರು ವಾರ ತಲೆಕೆಳಗಾಗಿ ಇಡಬೇಕು. ಟೊಳ್ಳು ದಂಟಿನಲ್ಲಿ ನೀರು ಉಳಿದರೆ ಗೆಡ್ಡೆ ಬುಡದಿಂದ ಕೊಳೆಯುತ್ತದೆ.

ಕನ್ನಡಿಗರ ಮನೆಗಳಲ್ಲಿ ಈ ಕಾಲದ ದೊಡ್ಡ ಚಿಂತೆ ಕರಿಬೇವು, ಮಲ್ಲಿಗೆಯ ಕುಂಡಗಳದು. ರಾತ್ರಿಯ ತಾಪ 10 ಡಿಗ್ರಿಗೆ ಬರುವ ಮುನ್ನ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೆ, ಒಳಗೆ ತರಬೇಕು. ಕಿಟಕಿ ಬಳಿ ಬೆಳಕು ಸಿಗಲಿ, ಹೀಟರ್ ಪಕ್ಕ ಬೇಡ. ಒಣ ಗಾಳಿಗೆ ಜೇಡನುಸಿ ಹತ್ತುತ್ತದೆ. ಕರಿಬೇವು ಎಲೆ ಉದುರಿಸಿದರೆ ಸತ್ತಿತೆಂದು ದಿನಾ ನೀರು ಹೊಯ್ಯುತ್ತಾರೆ, ಸಾಯುವುದು ಆ ನೀರಿಗೇ. ಎರಡು ಇಂಚು ಆಳಕ್ಕೆ ಬೆರಳಿಟ್ಟು ಮಣ್ಣು ಒಣಗಿದ್ದರೆ ಮಾತ್ರ ನೀರು, ಗೊಬ್ಬರ ಮಾರ್ಚ್‌ವರೆಗೆ ಬೇಡವೇ ಬೇಡ.

ಸೇಬಿನ ಕಾಂಡಕ್ಕೆ ಅಕ್ಟೋಬರಿನಲ್ಲಿ, ನೆಲದಿಂದ 45 ಸೆಂಟಿಮೀಟರ್ ಮೇಲೆ, ಅಂಟಿನ ಪಟ್ಟಿ ಸುತ್ತುತ್ತಾರೆ. ಚಳಿಗಾಲದ ಪತಂಗದ ಹೆಣ್ಣಿಗೆ ಹಾರಲು ಬರುವುದಿಲ್ಲ, ಕಾಂಡ ಹತ್ತಿಯೇ ಹೋಗಬೇಕು, ಅಲ್ಲೇ ಸಿಕ್ಕಿಬೀಳುತ್ತದೆ. ಎಲೆ ಉದುರಿದ ಮೇಲೆ ಸೇಬಿಗೆ ಚಾಟನಿ, ಅಂದರೆ ಕೊಂಬೆ ಸವರುವ ಕೆಲಸ. ಪ್ಲಮ್ಮಿಗೆ ಈಗ ಕತ್ತರಿ ಹಾಕಿದರೆ ಗಾಯದೊಳಗೆ ಬೆಳ್ಳಿಎಲೆ ರೋಗ ಹೋಗುತ್ತದೆ, ಅದಕ್ಕೆ ಬೇಸಿಗೆಯೇ ಸರಿ. ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರಿಗೆ ಗಿಡದ ವಿಶ್ರಾಂತಿಯಲ್ಲಿ ಚಾಟನಿ ಮಾಡುವುದು ಹೊಸದಲ್ಲ. ಅವರು ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಹೇರಿ, ಚಾಟನಿ ಮಾಡಿ, ಮತ್ತೆ ನೀರು ಕೊಟ್ಟು ಹೂವು ಎಬ್ಬಿಸುತ್ತಾರೆ. ಸೇಬಿಗೆ ಆ ವಿಶ್ರಾಂತಿಯನ್ನು ಚಳಿಯೇ ಕೊಡುತ್ತದೆ.

ಇನ್ನು ಉದುರಿದ ಎಲೆ. ಇಲ್ಲಿ ಅದನ್ನು ಸುಡುವುದಿಲ್ಲ. ಒದ್ದೆ ಮಾಡಿ, ತೂತು ಹೊಡೆದ ಚೀಲದಲ್ಲಿ ಬಿಗಿಯಾಗಿ ತುಂಬಿ ಮೂಲೆಗಿಡುತ್ತಾರೆ. ಶಿಲೀಂಧ್ರ ನಿಧಾನವಾಗಿ ಕೊಳೆಸುವುದರಿಂದ ಒಂದರಿಂದ ಎರಡು ವರ್ಷ ಹಿಡಿಯುತ್ತದೆ, ಸಿಗುವುದು ಸಸಿಮಡಿಗೆ ಹೇಳಿಮಾಡಿಸಿದ ಕಪ್ಪು ಪುಡಿ. ಈ ಒಂದು ಕೆಲಸವನ್ನು ದಾವಣಗೆರೆ, ಚಿತ್ರದುರ್ಗದಲ್ಲಿ ಇದ್ದ ಹಾಗೇ ಮಾಡಬಹುದು. ಅಲ್ಲಿ ಹೊಂಗೆ, ಬೇವು ಎಲೆ ಉದುರುವುದು ಶಿವರಾತ್ರಿ ಆಸುಪಾಸು, ಬೀದಿಯಲ್ಲಿ ಬೆಂಕಿ ಬೀಳುವುದೂ ಆಗಲೇ. ಗೋಣಿಚೀಲಕ್ಕೆ ತುಂಬಿ, ಗೆದ್ದಲು ಹತ್ತದಂತೆ ಕಲ್ಲುಚಪ್ಪಡಿ ಮೇಲೆ ನೆರಳಲ್ಲಿಟ್ಟು, ಮುಂಗಾರು ಬರುವವರೆಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ. ಅಲ್ಲಿನ ಬಿಸಿಗೆ ಇಲ್ಲಿಗಿಂತ ಬಹಳ ಬೇಗ ಕಳಿಯುತ್ತದೆ. ತೇಗದ ಎಲೆ ಮಾತ್ರ ತಡ, ಅದನ್ನು ಮುರಿದು ಬೇರೆ ಚೀಲಕ್ಕೆ ತುಂಬಿ.