ಬಂಗುಡೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಕಳೆದ ವರ್ಷ ಎರಡು ತಿಂಗಳ ಕಾಲ ಡೊಂಬಿವಲಿಯ ನಮ್ಮ ಮನೆಯಲ್ಲಿ, ಸಂಜೆಯ ಚಹಾ ಮುಗಿದ ಮೇಲೆ, ಊಟದ ಮೇಜಿನ ಸುತ್ತ ಒಂದು ತರಗತಿ ನಡೆಯುತ್ತಿತ್ತು. ವಿದ್ಯಾರ್ಥಿನಿ ನನ್ನ ತಂಗಿಯ ಮಗಳು. ಮಾಸ್ತರು ಬ್ಯಾಂಕಿನಿಂದ ನಿವೃತ್ತನಾದ ನಾನು. ಲೆಸ್ಟರ್‌ನಲ್ಲಿ ನೆಲೆಸಿ ಬ್ರಿಟಿಷ್ ಪೌರನಾಗಿರುವ ಗಂಡನನ್ನು ಸೇರಲು ಅವಳಿಗೆ ವೀಸಾ ಬೇಕಿತ್ತು; ವೀಸಾಕ್ಕೆ ಎ1 ಮಟ್ಟದ, ಅಂದರೆ ತೀರಾ ಆರಂಭದ ಮೆಟ್ಟಿಲಿನ, ಇಂಗ್ಲಿಷ್ ಪರೀಕ್ಷೆಯ ಪ್ರಮಾಣಪತ್ರ ಬೇಕಿತ್ತು. ಹನ್ನೆರಡನೆಯ ತರಗತಿಯವರೆಗೆ ಮರಾಠಿ ಮಾಧ್ಯಮದಲ್ಲಿ ಓದಿದ ಹುಡುಗಿ. ಮನೆಯಲ್ಲಿ ತುಳು, ನೆಂಟರೊಡನೆ ಕನ್ನಡ, ಪೇಟೆಯಲ್ಲಿ ಮರಾಠಿ ಮತ್ತು ಹಿಂದಿ, ಪಕ್ಕದ ಮನೆಯವರೊಡನೆ ಗುಜರಾತಿ ಆಡುವವಳು ಇಂಗ್ಲಿಷ್ ಎಂದೊಡನೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು.

ಗಂಡ ಅಥವಾ ಹೆಂಡತಿಯನ್ನು ಸೇರಲು ಬರುವವರು ಹೊರಡುವ ಮೊದಲೇ ಈ ಪರೀಕ್ಷೆ ಪಾಸಾಗಬೇಕೆಂಬ ನಿಯಮವನ್ನು ಬ್ರಿಟನ್ 2010ರ ನವೆಂಬರಿನಲ್ಲಿ ತಂದಿತು. ಅಲ್ಲಿಗೆ ಹೋದ ಮೇಲೂ ಬಿಡುಗಡೆಯಿಲ್ಲ. ಎರಡೂವರೆ ವರ್ಷ ಕಳೆದು ವೀಸಾ ವಿಸ್ತರಿಸುವಾಗ ಅದರ ಮೇಲಿನ ಮೆಟ್ಟಿಲಾದ ಎ2, ಐದು ವರ್ಷಗಳ ನಂತರ ಕಾಯಂ ವಾಸಕ್ಕೆ ಇನ್ನೂ ಮೇಲಿನ ಬಿ1, ಅದರ ಜೊತೆಗೆ ಅಲ್ಲಿನ ಚರಿತ್ರೆ ಮತ್ತು ಆಡಳಿತದ ಬಗ್ಗೆ 45 ನಿಮಿಷದಲ್ಲಿ 24 ಪ್ರಶ್ನೆಗಳ ಪರೀಕ್ಷೆ. ಅದರಲ್ಲಿ 18 ಸರಿಯಾಗಬೇಕು. ಕಾಯಂ ವಾಸ ಕೇಳುವ ಬಹುಪಾಲು ಜನರಿಗೆ ಬಿ1ರ ಬದಲು ಅದಕ್ಕೂ ಮೇಲಿನ ಬಿ2 ಬೇಕೆಂಬ ಪ್ರಸ್ತಾಪವನ್ನು ಅಲ್ಲಿನ ಸರ್ಕಾರದ 2025ರ ಮೇ ತಿಂಗಳ ಶ್ವೇತಪತ್ರ ಮುಂದಿಟ್ಟಿತು.

ಎ1 ಪರೀಕ್ಷೆಯಲ್ಲಿ ಓದುವುದು, ಬರೆಯುವುದು ಇಲ್ಲ. ಕೇಳಿ ಮಾತನಾಡಿದರೆ ಸಾಕು. ನಿನ್ನೆ ಏನು ಕೊಂಡೆ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದಾಗ ಅವಳು "ಎಸ್ಟರ್‌ಡೇ ಐ ಬಾಯ್ ಬಂಗುಡೆ" ಎಂದು ನಿಲ್ಲಿಸಿ, "ಮಾಮ, ಬಂಗುಡೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?" ಎಂದಳು. ಮ್ಯಾಕೆರೆಲ್ ಎಂದು ನನಗೂ ತಕ್ಷಣ ಹೊಳೆಯಲಿಲ್ಲ. ಹಿಂದಿನ ದಿನ ಬೆಳಿಗ್ಗೆಯಷ್ಟೇ ಅವಳು ಮೀನು ಮಾರುವ ಕೋಳಿ ಸಮುದಾಯದ ಹೆಂಗಸಿನೊಡನೆ ಮರಾಠಿಯಲ್ಲಿ ಚೌಕಾಸಿ ಮಾಡಿ, ಕಿವಿರು ಎತ್ತಿ ನೋಡಿ, ಒಂದು ಬಂಗುಡೆಯನ್ನು ಪುಕ್ಕಟೆ ಹಾಕಿಸಿಕೊಂಡು ಬಂದಿದ್ದಳು.

ಆಗ ನನಗೆ ನೆನಪಾದದ್ದು ತಂದೆಯವರು. ಕಾರ್ಕಳದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಫೋರ್ಟ್‌ನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯುತ್ತಾ, ಹೋಟೆಲ್ ಹುಡುಗರಿಗಾಗಿ ನಡೆಯುತ್ತಿದ್ದ ಕನ್ನಡ ರಾತ್ರಿಶಾಲೆಯಲ್ಲಿ ಅವರು ಓದಿದರು. ಮರಾಠಿಯನ್ನು ಕಲಿತದ್ದು ಮಾತ್ರ ಗಿರಾಕಿಗಳ ಬೈಗುಳದಿಂದ. ಒಂದೇ ದೇಶದೊಳಗಿನ ವಲಸೆಗೂ ಪರದೇಶದ ಪೌರತ್ವಕ್ಕೂ ಹೋಲಿಕೆ ಪೂರ್ತಿ ಕೂಡುವುದಿಲ್ಲ, ಒಪ್ಪುತ್ತೇನೆ. ಆದರೆ ಊರಿನ ಭಾಷೆ ಊರಿನಲ್ಲಿದ್ದೇ ಬರುತ್ತದೆ ಎಂಬುದು ಎರಡಕ್ಕೂ ನಿಜ. ಐದು ವರ್ಷ ಬಾಳಿದವರನ್ನು ಅಲ್ಲಿನ ಭಾಷೆ ಕಲಿತಿರಾ ಎಂದು ಕೇಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹೊಸ್ತಿಲು ದಾಟುವ ಮೊದಲೇ ಕೇಳುವುದನ್ನು ಮಾತ್ರ ಒಪ್ಪಲಾರೆ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಆ ನಿಯಮವನ್ನು ಎತ್ತಿಹಿಡಿದರೂ, ಪರೀಕ್ಷೆಗೆ ಹೋಗುವುದೇ ದುಸ್ತರವಾದವರ ವಿಷಯದಲ್ಲಿ ಅದನ್ನು ಜಾರಿಮಾಡುವ ಮಾರ್ಗಸೂಚಿಗಳ ಬಗ್ಗೆ ಕಳವಳ ವ್ಯಕ್ತಪಡಿಸಿತು.

ವಿನಾಯಿತಿಗಳ ಪಟ್ಟಿ ಇನ್ನೂ ವಿಚಿತ್ರ. ಜಮೈಕಾದ ಪ್ರಜೆಗೆ ಪರೀಕ್ಷೆ ಇಲ್ಲ, ಭಾರತದ ಪ್ರಜೆಗೆ ಇದೆ. ಇಂಗ್ಲಿಷಿನಲ್ಲೇ ಪದವಿ ಪಡೆದ ಭಾರತೀಯರಿಗೆ ವಿನಾಯಿತಿ ಉಂಟು, ಆದರೆ ಆ ಪದವಿಯನ್ನು ಎಕ್ಟಿಸ್ ಎಂಬ ಸಂಸ್ಥೆ ತೂಗಿ ನೋಡಿ ದೃಢೀಕರಿಸಬೇಕು. ನಮ್ಮ ದೇಶದ ಲೆಕ್ಕವೇ ಬೇರೆ. 1955ರ ಪೌರತ್ವ ಕಾಯ್ದೆಯ ಪ್ರಕಾರ ದೇಶೀಕರಣದ ಮೂಲಕ, ಅಂದರೆ ಇಲ್ಲಿ ವರ್ಷಗಟ್ಟಲೆ ನೆಲೆಸಿ ಅರ್ಜಿ ಹಾಕಿ, ಭಾರತದ ಪೌರರಾಗುವವರಿಗೆ ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯ ಸಾಕಷ್ಟು ಜ್ಞಾನವಿರಬೇಕು. ಆ 22 ಭಾಷೆಗಳಲ್ಲಿ ಕನ್ನಡವಿದೆ, ಕೊಂಕಣಿಯಿದೆ, ಇಂಗ್ಲಿಷ್ ಇಲ್ಲ. (ನಮ್ಮ ತುಳುವೂ ಇಲ್ಲ ಎಂಬುದು ಬೇರೆ ಸಂಕಟ.)

ಪರೀಕ್ಷೆಯ ದಿನ ನಾನು ಹೊರಗೆ ಕಾಯುತ್ತಾ ಕುಳಿತೆ. ಅವಳು ಆರಿಸಿಕೊಂಡ ಪರೀಕ್ಷೆಯಲ್ಲಿ ಇಬ್ಬರು ಅಭ್ಯರ್ಥಿಗಳನ್ನು ಜೊತೆಯಾಗಿ ಕೂರಿಸಿ, ಪರೀಕ್ಷಕರ ಎದುರು ಪರಸ್ಪರ ಮಾತನಾಡಿಸುತ್ತಾರೆ. ಇವಳ ಜೊತೆಗೆ ಬಿದ್ದವರು ಹೆದರಿ ಮೌನವಾಗಿದ್ದ ಒಬ್ಬ ಹೆಂಗಸು. ಅವರ ಸ್ಥಿತಿ ನೋಡಿ ತನ್ನ ಭಯ ಮರೆತ ಇವಳು "ಯು ಲೈಕ್ ಫಿಶ್?" ಎಂದು ಕೇಳಿದಳಂತೆ. ಅವರು ಶುದ್ಧ ಸಸ್ಯಾಹಾರಿ. ಗಾಬರಿಯಿಂದ "ನೋ, ನೋ, ಓನ್ಲಿ ವೆಜಿಟೇಬಲ್" ಎಂದರಂತೆ. ಅಲ್ಲಿಂದ ಇಬ್ಬರ ಮಾತು ತರಕಾರಿಯ ಬೆಲೆಯ ಮೇಲೆ ಸರಾಗವಾಗಿ ಹರಿಯಿತು. ನಮ್ಮವಳು ಪಾಸಾದಳು, ಆ ಹೆಂಗಸಿನ ಫಲಿತಾಂಶ ಏನಾಯಿತೆಂದು ಇವಳು ಇಂದಿಗೂ ವಿಚಾರಿಸುತ್ತಿರುತ್ತಾಳೆ.

ಈಗ ವಾರಕ್ಕೊಮ್ಮೆ ಲೆಸ್ಟರ್‌ನಿಂದ ಫೋನ್ ಬರುತ್ತದೆ. ಎ2ಗೆ ಓದಲು ಶುರುಮಾಡಿದೆಯಾ ಎಂದು ಕೇಳಿದರೆ ನಗುತ್ತಾಳೆ. "ಮಾಮ, ಇಲ್ಲಿ ನಮ್ಮ ಬೀದಿಯ ಅಂಗಡಿಗಳಲ್ಲೆಲ್ಲ ಗುಜರಾತಿಯೇ ನಡೆಯುತ್ತದೆ. ಇಂಗ್ಲಿಷ್ ಮಾತನಾಡಬೇಕೆಂದರೆ ಬಸ್ಸು ಹತ್ತಿ ಹೋಗಬೇಕು."