ಅಧಿವೇಶನದ ಮೊದಲ ಸೋಮವಾರ, ಕೊಪ್ಪಳದ ಕಚೇರಿಯಲ್ಲಿ

ಬೆಳಗಾವಿಯ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಸೋಮವಾರವೇ ಶುರು. 2023ರಲ್ಲಿ ಡಿಸೆಂಬರ್ 4, 2024ರಲ್ಲಿ ಡಿಸೆಂಬರ್ 9, 2025ರಲ್ಲಿ ಡಿಸೆಂಬರ್ 8, ಮೂರೂ ಸೋಮವಾರ. ಹಾಗಾಗಿ ಕೊಪ್ಪಳದ ಸರ್ಕಾರಿ ಕಚೇರಿಗಳಿಗೆ ಅದರ ಹಿಂದಿನ ಭಾನುವಾರ ಕ್ಯಾಲೆಂಡರಿನಲ್ಲಷ್ಟೇ ಕೆಂಪು. ಯಾರೂ ರಜೆ ಹಾಕುವಂತಿಲ್ಲ, ಕೇಂದ್ರಸ್ಥಾನ ಬಿಡುವಂತಿಲ್ಲ, ಮೊಬೈಲ್ ಸ್ವಿಚ್ ಆಫ್ ಮಾಡುವಂತಿಲ್ಲ ಎಂಬ ಜ್ಞಾಪನ ಮೊದಲೇ ಬಂದಿರುತ್ತದೆ. ಧನುರ್ಮಾಸ ಹಿಡಿಯುವ ಮುಂಚಿನ ಕೊನೆಯ ಮದುವೆ ಮುಹೂರ್ತಗಳೂ ಇದೇ ಹೊತ್ತಿಗೆ ಬೀಳುವುದರಿಂದ ಆ ಜ್ಞಾಪನಕ್ಕೆ ವರ್ಷವರ್ಷವೂ ಒಂದಿಷ್ಟು ಬೈಗುಳ ಖಾಯಂ.

ಅವತ್ತು ಟಿವಿಯಲ್ಲಿ ಕಾಣುವ ಅಧಿವೇಶನ ಬೇರೆ, ಜಿಲ್ಲೆಯ ಕಚೇರಿಯಲ್ಲಿ ನಡೆಯುವ ಅಧಿವೇಶನ ಬೇರೆ. ಸದನದಲ್ಲಿ ಮೊದಲು ಸಂತಾಪ ಸೂಚನೆ. ಹಿಂದಿನ ಅಧಿವೇಶನದ ನಂತರ ತೀರಿಕೊಂಡ ಮಾಜಿ ಸದಸ್ಯರು, ಗಣ್ಯರ ಹೆಸರು ಓದುತ್ತಾರೆ, ಎದ್ದು ನಿಂತು ಮೌನ ಆಚರಿಸುತ್ತಾರೆ. ಆಮೇಲೆ ಕಾಗದಪತ್ರ ಮಂಡನೆ. ನಡುವೆ ಸುಗ್ರೀವಾಜ್ಞೆ ಏನಾದರೂ ಹೊರಟಿದ್ದರೆ ಅದೂ ಸದನದ ಮುಂದೆ ಬರಬೇಕು. ಸದನ ಮತ್ತೆ ಸೇರಿದ ಮೇಲೆ ಆರು ವಾರದೊಳಗೆ ಮಸೂದೆಯಾಗಿ ಅಂಗೀಕಾರವಾಗದಿದ್ದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ರಾಜ್ಯಪಾಲರ ಭಾಷಣವನ್ನು ಡಿಸೆಂಬರಿನಲ್ಲಿ ಕಾಯುವವರು ಕಾಯುತ್ತಲೇ ಇರಬೇಕು. ಸಂವಿಧಾನದ 176ನೇ ವಿಧಿಯಂತೆ ಅದು ಇರುವುದು ವರ್ಷದ ಮೊದಲ ಅಧಿವೇಶನಕ್ಕೆ, ಮತ್ತು ಸಾರ್ವತ್ರಿಕ ಚುನಾವಣೆ ಮುಗಿದ ಮೇಲಿನ ಮೊದಲ ಅಧಿವೇಶನಕ್ಕೆ ಮಾತ್ರ.

ಇತ್ತ ಕೊಪ್ಪಳದಲ್ಲಿ ಇಡೀ ದಿನ ಎಲ್‌ಎಕ್ಯು, ಎಲ್‌ಸಿಕ್ಯು. ವಿಧಾನಸಭೆಯ ಪ್ರಶ್ನೆ, ವಿಧಾನ ಪರಿಷತ್ತಿನ ಪ್ರಶ್ನೆ. ಕಚೇರಿಗಳಲ್ಲಿ ಯಾರೂ ‘ಪ್ರಶ್ನೆ’ ಅನ್ನುವುದೇ ಇಲ್ಲ. ‘ಎಲ್‌ಎಕ್ಯು ಬಂದೈತ್ರಿ’ ಅಂದರೆ ಮುಗಿಯಿತು, ಕೈಯಲ್ಲಿದ್ದ ಚಹಾ ಅಲ್ಲೇ ಆರುತ್ತದೆ.

ಊರಿನ ಮುಖಂಡರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅಧಿವೇಶನ ಶುರುವಾದ ದಿನ ಶಾಸಕರ ಕೈಗೆ ಮನವಿ ಕೊಟ್ಟರೆ ಅದು ಸದನದಲ್ಲಿ ಪ್ರಶ್ನೆಯಾಗುತ್ತದೆ ಅಂತ. ಆಗುವುದಿಲ್ಲ. ಪ್ರಶ್ನೆಗೆ ದಿನಗಟ್ಟಲೆ ಮುಂಚೆ ಲಿಖಿತ ಸೂಚನೆ ಕೊಟ್ಟಿರಬೇಕು. ಅದು ವಿಧಾನಸಭೆ ಸಚಿವಾಲಯಕ್ಕೆ ಹೋಗಿ, ಅಂಗೀಕಾರವಾಗಿ, ಯಾವ ಇಲಾಖೆಗೆ ಯಾವ ದಿನ ಎಂದು ಗೊತ್ತಾಗಿ, ಚುಕ್ಕೆ ಗುರುತಿನದೋ (ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸುವುದು) ಗುರುತಿಲ್ಲದ್ದೋ (ಲಿಖಿತ ಉತ್ತರವಷ್ಟೇ) ತೀರ್ಮಾನವಾಗಬೇಕು. ಪ್ರಶ್ನೆ ಕೇಳಿಸಬೇಕು ಅನ್ನುವವರು ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಶಾಸಕರ ಆಪ್ತ ಸಹಾಯಕರನ್ನು ಹಿಡಿಯಬೇಕು. ಮೊದಲ ದಿನ ಹೋದವರಿಗೆ ಉಳಿಯುವುದು ಶೂನ್ಯ ವೇಳೆ, ನಿಯಮ 73ರ ಗಮನ ಸೆಳೆಯುವ ಸೂಚನೆ, ನಿಯಮ 351ರ ಸೂಚನೆ, ಇಷ್ಟೇ. ಶಾಸಕರೇ ಆಗಬೇಕೆಂದೂ ಇಲ್ಲ. ಈಶಾನ್ಯ ಪದವೀಧರರ ಕ್ಷೇತ್ರದಿಂದ, ರಾಯಚೂರು–ಕೊಪ್ಪಳ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಗೆದ್ದವರು ಪರಿಷತ್ತಿನಲ್ಲಿದ್ದಾರೆ. ಆ ಬಾಗಿಲು ತಟ್ಟುವವರು ಕಡಿಮೆ.

ಪ್ರಶ್ನೆ ಇಳಿದು ಬರುವ ದಾರಿ ಹೀಗೆ: ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿ, ಅಲ್ಲಿಂದ ಆಯುಕ್ತರು ಅಥವಾ ನಿರ್ದೇಶಕರು, ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ತಾಲೂಕು. ಉತ್ತರ ಅದೇ ಮೆಟ್ಟಿಲು ಹತ್ತಬೇಕು. ಕೊಟ್ಟ ಸಮಯದಲ್ಲಿ ಮುಕ್ಕಾಲು ಪಾಲನ್ನು ಮೇಲಿನ ಮೆಟ್ಟಿಲುಗಳೇ ತಿಂದಿರುತ್ತವೆ. ತಾಲೂಕಿನ ವಿಷಯ ನಿರ್ವಾಹಕನಿಗೆ ಸಿಗುವುದು ‘ಮಧ್ಯಾಹ್ನ 2 ಗಂಟೆಯೊಳಗೆ, ತಪ್ಪಿದಲ್ಲಿ ತಮ್ಮನ್ನೇ ಹೊಣೆಗಾರರನ್ನಾಗಿಸಲಾಗುವುದು’ ಎಂಬ ಒಕ್ಕಣೆ. ‘ರಾಜ್ಯದಲ್ಲಿ’ ಎಂದು ಶುರುವಾಗುವ ಪ್ರಶ್ನೆಯಾದರೆ ಅನುಬಂಧದಲ್ಲಿ 31 ಜಿಲ್ಲೆಯ 31 ಸಾಲು. 30 ತುಂಬಿ ಒಂದು ಖಾಲಿ ಇದ್ದರೂ ಹಾಳೆ ಮುಂದೆ ಹೋಗದು. ಆ ಒಂದು ನಮ್ಮದಾಗಬಾರದು ಎಂಬುದೇ ಅವತ್ತಿನ ಇಡೀ ಧಾವಂತ.

ಉತ್ತರದ ನಮೂನೆ ಸರಳ. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಅ, ಆ, ಇ, ಈ ಎಂದು ಉಪಪ್ರಶ್ನೆಗಳು. ‘ಅ’ ಬಹುತೇಕ ಒಂದೇ ಧಾಟಿಯದು: ‘...ಸರ್ಕಾರದ ಗಮನಕ್ಕೆ ಬಂದಿದೆಯೇ?’ ಇದಕ್ಕೆ ‘ಬಂದಿದೆ’ ಎಂದರೆ ಉಳಿದ ಎಲ್ಲದಕ್ಕೂ ಉತ್ತರ ಹೊಂದಿಸಬೇಕು. ‘ಬಂದಿರುವುದಿಲ್ಲ’ ಎಂದರೆ ಆ, ಇ, ಈ ಮೂರಕ್ಕೂ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಪದ ಸಾಕು. ಈ ‘ಉದ್ಭವಿಸುವುದಿಲ್ಲ’ದ ಆಸೆಗೆ ಬಿದ್ದವರು ಕೆಟ್ಟಿದ್ದೇ ಹೆಚ್ಚು. ಅದೇ ವಿಷಯದ ಮೇಲೆ ಆರು ತಿಂಗಳ ಹಿಂದೆ ಶಾಸಕರೇ ಬರೆದ ಪತ್ರ, ಅದಕ್ಕೆ ಕಚೇರಿ ಕೊಟ್ಟ ಹಿಂಬರಹ ಕಡತದಲ್ಲೇ ಕೂತಿರುತ್ತದೆ. ಸದನದಲ್ಲಿ ಅದನ್ನು ಎತ್ತಿ ತೋರಿಸಿದರೆ ಮಾತು ಹಕ್ಕುಚ್ಯುತಿಯ ತನಕ ಹೋಗಬಹುದು. ಹಾಗಾಗಿ ‘ಅ’ಕ್ಕೆ ಉತ್ತರ ಬರೆಯುವ ಮೊದಲು ಎರಡು ಕೆಲಸ ಮಾಡಬೇಕು: ಟಪಾಲು ವಹಿ ತೆಗೆದು ನೋಡುವುದು, ಹಿಂದಿನ ಅಧಿವೇಶನಗಳಲ್ಲಿ ಇದೇ ಪ್ರಶ್ನೆಗೆ ಏನು ಹೇಳಿದ್ದೆವು ಎಂದು ಹುಡುಕುವುದು. ಹಳೆಯ ಉತ್ತರದಲ್ಲಿ 42 ಕೊಳವೆಬಾವಿ ಎಂದಿದ್ದು ಈಗ 37 ಎಂದರೆ, ಐದು ಎಲ್ಲಿಗೆ ಹೋದವು ಎಂಬುದೇ ಪೂರಕ ಪ್ರಶ್ನೆ.

ಅಂಕಿಗಳದ್ದು ದೊಡ್ಡ ಗೋಳು. ಕೊಪ್ಪಳ ಜಿಲ್ಲೆಯಲ್ಲಿ ವಿಧಾನಸಭಾ ಕ್ಷೇತ್ರ ಐದು, ತಾಲೂಕು ಏಳು. ಕಾರಟಗಿ, ಕನಕಗಿರಿ, ಕುಕನೂರು ಹೊಸ ತಾಲೂಕುಗಳಾದವು, ಕ್ಷೇತ್ರಗಳು ಹಾಗೇ ಉಳಿದವು. ಸದಸ್ಯರು ಕ್ಷೇತ್ರವಾರು ಕೇಳುತ್ತಾರೆ, ದಾಖಲೆ ಇರುವುದು ತಾಲೂಕುವಾರು. ಯಲಬುರ್ಗಾ ಕ್ಷೇತ್ರ ಅಂದಾಗ ಯಲಬುರ್ಗಾ ತಾಲೂಕಿನ ಪಟ್ಟಿಯನ್ನಷ್ಟೇ ಲಗತ್ತಿಸಿ ಕುಕನೂರನ್ನು ಬಿಟ್ಟರೆ ಅರ್ಧ ಕ್ಷೇತ್ರವೇ ಮಾಯ. ಇದಕ್ಕೆ ಮದ್ದು ಒಂದೇ. ಗ್ರಾಮ ಪಂಚಾಯಿತಿವಾರು ಒಂದು ತಃಖ್ತೆ ಮಾಡಿ, ಪ್ರತಿ ಸಾಲಿನ ಮುಂದೆ ತಾಲೂಕು, ಕ್ಷೇತ್ರ ಎರಡನ್ನೂ ಬರೆದು ಮೊದಲೇ ಸಿದ್ಧ ಇಟ್ಟುಕೊಳ್ಳುವುದು. ಹೇಗೆ ಕೇಳಿದರೂ ಸೋಸಿ ಕೊಡಬಹುದು. ಇದನ್ನು ನವೆಂಬರಿನಲ್ಲೇ ಮಾಡಿಟ್ಟುಕೊಂಡ ಕಚೇರಿಗಳು ಸೋಮವಾರ ಮಧ್ಯಾಹ್ನ ಊಟ ಮಾಡುತ್ತವೆ.

‘ಕಳೆದ ಮೂರು ವರ್ಷಗಳಲ್ಲಿ’ ಎಂಬುದು ಇನ್ನೊಂದು ಬಲೆ. ಒಂದು ತಾಲೂಕು ಆರ್ಥಿಕ ವರ್ಷ ಹಿಡಿಯುತ್ತದೆ, ಇನ್ನೊಂದು ಜನವರಿಯಿಂದ ಡಿಸೆಂಬರ್, ಮತ್ತೊಂದು ಚಾಲ್ತಿ ವರ್ಷವನ್ನೂ ಸೇರಿಸಿ ನಾಲ್ಕು ಕಂಬಸಾಲು ಮಾಡಿ ಕಳಿಸುತ್ತದೆ. ಕೆಳಗೆ ಕಳಿಸುವಾಗಲೇ ಖಾಲಿ ನಮೂನೆಯಲ್ಲಿ ವರ್ಷಗಳನ್ನು ಅಚ್ಚು ಮಾಡಿ, ‘ನವೆಂಬರ್ 30ರ ಅಂತ್ಯಕ್ಕೆ’ ಎಂದೂ ಬರೆದು ಕಳಿಸಬೇಕು. ‘ರೂ. ಲಕ್ಷಗಳಲ್ಲಿ’ ಎಂದು ತಲೆಬರಹದಲ್ಲಿ ದಪ್ಪಗೆ ಹಾಕಬೇಕು. ಹಾಕದಿದ್ದರೆ ಒಬ್ಬರು 12.50 ಬರೆದಿರುತ್ತಾರೆ, ಪಕ್ಕದವರು 12,50,000. ಎಕ್ಸೆಲ್ ಎರಡನ್ನೂ ನಿರ್ವಿಕಾರವಾಗಿ ಕೂಡಿಸಿ ಕೊಡುತ್ತದೆ.

ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ತಪ್ಪದೇ ಬರುವ ಪ್ರಶ್ನೆ ಖಾಲಿ ಹುದ್ದೆಗಳದ್ದು. ಸಂವಿಧಾನದ 371ಜೆ ವಿಧಿಯಡಿ ಸ್ಥಳೀಯ ವೃಂದದಲ್ಲಿ ಗ್ರೂಪ್ ಬಿಗೆ ಶೇ 75, ಸಿಗೆ ಶೇ 80, ಡಿಗೆ ಶೇ 85 ಮೀಸಲು ಇರುವುದರಿಂದ ಎಷ್ಟು ಮಂಜೂರು, ಎಷ್ಟು ಭರ್ತಿ, ಎಷ್ಟು ಖಾಲಿ ಎಂದು ಕೇಳುವುದು ಸಹಜ. ಮೂರು ಕಂಬಸಾಲಿನ ಸುಲಭ ಲೆಕ್ಕದಂತೆ ಕಾಣುತ್ತದೆ. ಎಡವುವುದು ನಿಯೋಜನೆಯಲ್ಲಿ. ಕುಷ್ಟಗಿಯಲ್ಲಿ ಸಂಬಳ, ಕೊಪ್ಪಳದಲ್ಲಿ ಕೆಲಸ ಎಂಬ ನೌಕರನನ್ನು ಎರಡೂ ಕಡೆ ‘ಭರ್ತಿ’ ಎಂದು ತೋರಿಸುತ್ತಾರೆ. ಹೊರಗುತ್ತಿಗೆಯವರನ್ನೂ ಕೆಲವರು ಸೇರಿಸಿಬಿಡುತ್ತಾರೆ. ಆಗ ಮಂಜೂರಾದ ಹುದ್ದೆಗಿಂತ ಭರ್ತಿಯಾದದ್ದೇ ಹೆಚ್ಚಾಗಿ, ಖಾಲಿ ಕಂಬಸಾಲಿನಲ್ಲಿ ಮೈನಸ್ ಬರುತ್ತದೆ. ಹುದ್ದೆ ಯಾವ ಕಚೇರಿಯದೋ ಅಲ್ಲೇ ಲೆಕ್ಕ. ನಿಯೋಜನೆ, ಹೊರಗುತ್ತಿಗೆ ಬೇರೆ ಕಂಬಸಾಲು. ಖಾಲಿ ಹೆಚ್ಚು ಕಂಡರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ನಿಯೋಜನೆಯವರನ್ನು ಮುಚ್ಚಿಡುವ ಚಾಳಿ ಇದೆ. ಅದು ಜಿಲ್ಲೆಗೇ ನಷ್ಟ. ಖಾಲಿ ಎಂದು ಸದನದ ಹಾಳೆಯಲ್ಲಿ ಬರದ ಹುದ್ದೆಯನ್ನು ತುಂಬಿಕೊಡಿ ಎಂದು ಯಾರು ಕೇಳಬೇಕು?

ತುಂಗಭದ್ರೆಯ ಪ್ರಶ್ನೆಯಾದರೆ ಉತ್ತರ ಮುನಿರಾಬಾದಿನ ನೀರಾವರಿ ಕಚೇರಿಯಿಂದ ಬರಬೇಕು, ಆದರೆ ಎಲ್ಲವೂ ಅಲ್ಲಿಯದಲ್ಲ. ಅಣೆಕಟ್ಟೆ, ಅದರ 33 ಗೇಟು ತುಂಗಭದ್ರಾ ಮಂಡಳಿಯ ಸುಪರ್ದಿ. ಎಡದಂಡೆ ಕಾಲುವೆ ರಾಜ್ಯದ್ದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದ ಮೇಲೆ ಗೇಟಿನ ಪ್ರಶ್ನೆಗಳು ಹೆಚ್ಚಿವೆ. ಯಾವುದು ಯಾರ ಕೆಲಸ ಎಂದು ಉತ್ತರದ ಮೊದಲ ಸಾಲಿನಲ್ಲೇ ಬಿಡಿಸಿ ಹೇಳದಿದ್ದರೆ ಕಾಗದ ಎರಡು ದಿನ ಅತ್ತಿಂದಿತ್ತ ಅಲೆಯುತ್ತದೆ. ಸಾಮರ್ಥ್ಯ ಬರೆಯುವಾಗಲೂ ಎಚ್ಚರ ಬೇಕು. ಹಳೆಯ ಕಡತದಲ್ಲಿ 133 ಟಿಎಂಸಿ ಅಡಿ, ಹೂಳಿನ ಸಮೀಕ್ಷೆಯ ನಂತರ 105.788, 2025ರಲ್ಲಿ ಗೇಟುಗಳ ಸ್ಥಿತಿ ನೋಡಿ 80ಕ್ಕೇ ನಿಲ್ಲಿಸಿದ್ದು. ಮೂರೂ ನಿಜ. ಯಾವುದೆಂದು ಹೇಳದೆ ಬರೆದರೆ ಮೂರೂ ತಪ್ಪು.

ಕಾಲುವೆಯ ಭಾಷೆಯೇ ಬೇರೆ. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ರೈತರು ಈಗಲೂ ಅಳೆಯುವುದು ಮೈಲಿನಲ್ಲಿ, ಒಟ್ಟು 141 ಮೈಲು. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದವರಿಗೆ 104ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಅನ್ನುವುದೇ ಜೀವ. ಸದಸ್ಯರು ಮೈಲಿನಲ್ಲಿ ಕೇಳಿದರೆ ಮೈಲಿನಲ್ಲೇ ಉತ್ತರಿಸಬೇಕು. 167ನೇ ಕಿಲೋಮೀಟರ್ ಎಂದು ತಿರುಗಿಸಿ ಬರೆದರೆ ಲೆಕ್ಕ ಸರಿಯೇ, ಆದರೆ ಮಾನ್ವಿಯಲ್ಲಿ ಅದು ಯಾವ ಜಾಗವೆಂದು ತಿಳಿಯುವವರು ಯಾರೂ ಇಲ್ಲ. ಕ್ಯೂಸೆಕ್, ಟಿಎಂಸಿ ಕಲಸಿಹೋಗುವುದೂ ಉಂಟು. ಕ್ಯೂಸೆಕ್ ಸೆಕೆಂಡಿಗೆ ಹರಿಯುವ ನೀರಿನ ಪ್ರಮಾಣ, ಟಿಎಂಸಿ ನಿಂತ ನೀರಿನ ಮೊತ್ತ. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಅಂದರೆ ಕಾಲುವೆಗೆ ನಾಲ್ಕು ಸಾವಿರ ಬಿಟ್ಟಾಗ ಒಂದು ಟಿಎಂಸಿ ಖರ್ಚಾಗಲು ಮೂರು ದಿನಕ್ಕೆ ತುಸು ಕಡಿಮೆ. ಟಿಪ್ಪಣಿಯ ಅಂಚಿನಲ್ಲಿ ಈ ಒಂದು ಸಾಲು ಇದ್ದರೆ ಉತ್ತರ ಕೊಡಲು ನಿಂತವರು ತಡವರಿಸುವುದಿಲ್ಲ.

ಇನ್ನು ಫಾಂಟ್. ತಾಲೂಕಿನಲ್ಲಿ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಮೇಲಿನ ಕಚೇರಿಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿಗೆ ಪರಿವರ್ತಿಸಿಯೇ ಕಳಿಸಬೇಕು, ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಬೇಕು. ಜೊತೆಗೆ ಪಿಡಿಎಫ್ ಒಂದನ್ನು ಲಗತ್ತಿಸಿದರೆ ಅನುಮಾನ ಬಂದಲ್ಲಿ ಹೋಲಿಸಿ ನೋಡಬಹುದು. ಸಹಿ ಹಾಕಿದ ಹಾಳೆಯ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಆ ಫೋಟೊ ನೋಡಿ ಮತ್ತೊಬ್ಬರು ಎಲ್ಲವನ್ನೂ ಮೊದಲಿಂದ ಟೈಪ್ ಮಾಡಬೇಕು, ಅಲ್ಲಿ 3 ಹೋಗಿ 8 ಆಗುತ್ತದೆ.

ಅಂಕಿ ಮುಗಿದ ಮೇಲೆ ಕ್ರಿಯಾಪದ. ‘ಕ್ರಮ ಕೈಗೊಳ್ಳಲಾಗಿದೆ’ ಎಂದರೆ ಆದೇಶದ ಸಂಖ್ಯೆ, ದಿನಾಂಕ ಬೇಕು. ‘ಕೈಗೊಳ್ಳಲಾಗುತ್ತಿದೆ’ ಎಂದರೆ ಈಗ ಯಾವ ಹಂತ ಎಂದು ಕೇಳುತ್ತಾರೆ. ‘ಕೈಗೊಳ್ಳಲಾಗುವುದು’ ಎಂದರೆ ಅದು ಸದನಕ್ಕೆ ಕೊಟ್ಟ ಭರವಸೆ. ಸರ್ಕಾರಿ ಭರವಸೆಗಳ ಸಮಿತಿ ಅದನ್ನು ಪಟ್ಟಿಗೆ ಹಚ್ಚಿ, ಈಡೇರಿತೇ ಎಂದು ವರ್ಷಗಳಾದರೂ ಬೆನ್ನು ಬಿಡುವುದಿಲ್ಲ. ಅದಕ್ಕೇ ಪಳಗಿದ ಕೈಗಳು ‘ಪರಿಶೀಲನೆಯಲ್ಲಿರುತ್ತದೆ’ ಎನ್ನುತ್ತವೆ, ತೀರಾ ಆದರೆ ‘ಅನುದಾನದ ಲಭ್ಯತೆಯನ್ನು ಆಧರಿಸಿ’ ಎಂಬ ಬಾಲ ಅಂಟಿಸುತ್ತವೆ. ಜಾಣತನವೇ ಇರಬಹುದು. ಆದರೆ ಅಂದಾಜು ಪಟ್ಟಿ ಆಗಿ, ಟೆಂಡರ್ ಕರೆದು, ಕೆಲಸ ಮಾರ್ಚಿನಲ್ಲಿ ಮುಗಿಯುವುದು ಖಚಿತವಿದ್ದಾಗಲೂ ‘ಪರಿಶೀಲನೆಯಲ್ಲಿದೆ’ ಎಂದೇ ಬರೆಯುವುದು ಬರೀ ಅಂಜುಬುರುಕತನ. ಊರವರು ಉತ್ತರ ಓದುವಾಗಲೂ ಈ ಬಾಲವನ್ನೇ ಮೊದಲು ನೋಡಬೇಕು.

ಚುಕ್ಕೆ ಗುರುತಿನದಾದರೆ ಉತ್ತರದ ಜೊತೆ ಪೂರಕ ಟಿಪ್ಪಣಿ ಬೇಕೇ ಬೇಕು. ಎರಡು ಪುಟ ಮೀರಬಾರದು, ಅಕ್ಷರ ದೊಡ್ಡದಿರಬೇಕು, ಏಕೆಂದರೆ ಸಚಿವರು ಅದನ್ನು ನಿಂತುಕೊಂಡು ಓದುತ್ತಾರೆ. ಊರಿನ ಹೆಸರು, ಮೊತ್ತ, ಶುರುವಾದ ದಿನಾಂಕ, ತಡವಾಗಿದ್ದರೆ ಒಂದೇ ಸಾಲಿನ ಕಾರಣ. ಹಿನ್ನೆಲೆ, ಪ್ರಸ್ತಾವನೆ ಏನೂ ಬೇಡ. ಅದರಲ್ಲಿ ಇಲ್ಲದ್ದನ್ನು ಕೇಳಿದರೆ ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಹೋಗಬೇಕು, ಆ ಚೀಟಿಗೆ ಬೇಕಾದ ಅಂಕಿಗಾಗಿ ಕೊಪ್ಪಳಕ್ಕೆ ಫೋನ್ ಬರುತ್ತದೆ. ಅದಕ್ಕೇ ಕಡತ ಬಲ್ಲವರೊಬ್ಬರು ಸದನ ನಡೆಯುವಷ್ಟು ಹೊತ್ತೂ ಕುರ್ಚಿ ಬಿಡುವಂತಿಲ್ಲ.

ಸಂಜೆ ಹೊತ್ತಿಗೆ ಜೀಪೊಂದು ಗದಗ, ಹುಬ್ಬಳ್ಳಿ ದಾರಿ ಹಿಡಿದು ಬೆಳಗಾವಿಗೆ ಹೊರಡುತ್ತದೆ. ಹಿಂದಿನ ಸೀಟಿನಲ್ಲಿ ಕೆಂಪು ದಾರದ ಕಟ್ಟುಗಳು; ಮೂಲ ಕಡತ ಕೈಯಲ್ಲಿರಲಿ ಎಂಬ ನಂಬಿಕೆಯನ್ನು ಇ-ಆಫೀಸ್ ಬಂದರೂ ಯಾರೂ ಬಿಟ್ಟಿಲ್ಲ. ಸದನ ಮರುದಿನಕ್ಕೆ ಮುಂದೂಡಿದ ಸುದ್ದಿ ಟಿವಿಯಲ್ಲಿ ಬಂದರೂ ಕಚೇರಿಯ ದೀಪ ಆರುವುದಿಲ್ಲ. ಏನೂ ಇಲ್ಲದ ತಾಲೂಕಿನವರೂ ‘ಇಲ್ಲ’ ಎಂದು ಬರೆದು ಸಹಿ ಹಾಕಿ ಕಳಿಸಬೇಕು. ಖಾಲಿ ಬಿಟ್ಟ ಮನೆಯನ್ನು ಮೇಲಿನವರು ‘ಮಾಹಿತಿ ಬಂದಿಲ್ಲ’ ಎಂದೇ ಓದುತ್ತಾರೆ. ಆರು ತಾಲೂಕಿನದು ಸೇರಿದೆ. ರಾತ್ರಿ ಒಂಬತ್ತೂವರೆಗೆ ಮತ್ತೆ ಫೋನ್: ‘ಕುಷ್ಟಗೀದು ಬಂತೇನ್ರೀ?’