ಮಗ ನನ್ನನ್ನು ಎಲ್ಲೂ ಇಟ್ಟಿಲ್ಲ

"ಮಗ ನಿಮ್ಮನ್ನ ಎಲ್ಲಿ ಇಟ್ಟಿದ್ದಾನೆ?" ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಶಿವಮೊಗ್ಗದ ಹೊರವಲಯದಲ್ಲಿ, ವಯಸ್ಸಾದವರಿಗೆಂದೇ ಕಟ್ಟಿದ ವಸತಿಯಲ್ಲಿ ಎರಡು ವರ್ಷದಿಂದ ಇದ್ದೇನೆ. ಇದ್ದೇನೆ. ಯಾರೂ ಇಟ್ಟಿಲ್ಲ. ಇಡುವುದು ಉಪ್ಪಿನಕಾಯಿ ಜಾಡಿಯನ್ನು, ಅಟ್ಟದ ಮೇಲೆ.

ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆ ಒಂದು ಮದುವೆ. ಎದುರು ಸಾಲಿನಲ್ಲಿ ಕೂತಿದ್ದ ನೆಂಟರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಇಡೀ ಪಂಕ್ತಿಗೆ ಕೇಳುವ ಹಾಗೆ, "ಮಕ್ಕಳಿದ್ದೂ ಹೀಗಾಯ್ತಲ್ಲ ಚಿಕ್ಕಮ್ಮ!" ಅಂದರು. ಹೇಗಾಯ್ತು? ಮೇಲಿಂದ ಸಲಹೆ ಬೇರೆ. "ಸುಮ್ನೆ ಬಿಡಬೇಡಿ. 2007ರಲ್ಲೇ ಕಾನೂನು ಬಂದಿದೆ. 60 ದಾಟಿದವರು ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಅರ್ಜಿ ಕೊಟ್ಟರೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೂ ಕೊಡಿಸ್ತಾರೆ." ಕಾನೂನು ಇರೋದು ನಿಜ, ಬೇಕಾದವರಿಗೆ ಬೇಕು. ಆದರೆ ನನ್ನ ಮಗ ಪಕ್ಕದಲ್ಲೇ ಕೂತು ಪಾಯಸ ಕುಡಿಯುತ್ತಿದ್ದ. ಪಾಪ, ಕಿವಿ ಕೆಂಪಾಯಿತು. ನಾನು ಇಲ್ಲಿ ಕಟ್ಟುವುದೇ ಅದಕ್ಕಿಂತ ಜಾಸ್ತಿ. ಅರ್ಧ ಅವನದು, ಅರ್ಧ ತೋಟದ ಫಸಲು ಗುತ್ತಿಗೆಗೆ ಕೊಟ್ಟು ಬರುವ ಚೇಣಿ ದುಡ್ಡು. ಇನ್ನು ಯಾರ ಮೇಲೆ ಅರ್ಜಿ ಕೊಡಲಿ?

ಊರಲ್ಲಿ ನಮ್ಮದು ಒಂಟಿ ಮನೆ. ಪಕ್ಕದ ಮನೆಗೆ ಹಳ್ಳದ ಸಂಕ ದಾಟಿ ಹೋಗಬೇಕು. ನಾನು ಬಿದ್ದ ವರ್ಷ ಆಳು ಸಿಗದೆ, ಮಳೆಗಾಲದಲ್ಲಿ ಜಾರದಂತೆ ಅಂಗಳಕ್ಕೆ ಹಾಸುವ ಅಡಿಕೆ ಮರದ ದಬ್ಬೆ ಹಾಕಿಸಿರಲಿಲ್ಲ. ಆಷಾಢದ ಒಂದು ಬೆಳಿಗ್ಗೆ ಹಾವಸೆ (ಪಾಚಿ) ಮೇಲೆ ಜಾರಿ ಬಿದ್ದೆ. ಮೊಬೈಲ್ ಒಳಗಿತ್ತು. ಕೈಯಲ್ಲಿದ್ದರೂ ಏನು, ಕರೆಂಟ್ ಹೋದರೆ ನಮ್ಮ ಕಡೆ ಟವರೂ ಹೋಗುತ್ತದೆ. ಮಳೆ ಹೊಳವಾದ ಮೇಲೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು ಬಂದವರು ನನ್ನನ್ನು ನೋಡಿದರು. ಅಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು. ಅಲ್ಲಿಯವರೆಗೆ ಜೊತೆಗಿದ್ದದ್ದು ನಾಯಿ. ಸೊಂಟದ ಮೂಳೆ ಮುರಿದಿತ್ತು.

ಆಪರೇಷನ್ ಆದ ಮೇಲೆ ಬೆಂಗಳೂರಲ್ಲಿ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆ. ಹನ್ನೊಂದನೇ ಮಹಡಿ. ಗಂಡ ಹೆಂಡತಿ ಕೆಲಸಕ್ಕೆ ಹೋದರೆ ಸಂಜೆವರೆಗೆ ನಾನು ಮತ್ತು ಟೀವಿ. ಅಲ್ಲಿ ಬಿದ್ದರೆ ನಾಯಿಯೂ ಇಲ್ಲ.

ಇಲ್ಲಿ ಸ್ವರ್ಗವೇನಲ್ಲ. ಸಾರಿಗೆ ಉಪ್ಪಿಲ್ಲ, ಬಿಪಿ ಇರುವವರ ಜೊತೆ ಇಲ್ಲದವರಿಗೂ ಶಿಕ್ಷೆ. ಭಾನುವಾರದ ಕಡುಬು ಎಸೆದರೆ ಮಾವಿನಕಾಯಿ ಉದುರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನು ಸೀರೆಗಳ ಮಧ್ಯೆ ಬಚ್ಚಿಟ್ಟಿದ್ದೇನೆ. ನರ್ಸಮ್ಮನಿಗೆ ಗೊತ್ತು, ಬಿಪಿ ನೋಡುವ ದಿನ ಮಾತ್ರ ಕಣ್ಣು ಬಿಡುತ್ತಾಳೆ. ಮಳೆ ಬಂದರೆ ಹಂಚಿನ ಮೇಲಿನ ಸದ್ದಿಲ್ಲ, ಜೂನ್‌ನಲ್ಲಿ ನಿದ್ದೆಯೇ ಹತ್ತುವುದಿಲ್ಲ. ಅದೊಂದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳಿದೆ, ಮಂಚದ ಪಕ್ಕ ಬೆಲ್ ಇದೆ. ಒತ್ತಿದರೆ ರಾತ್ರಿ ಎರಡು ಗಂಟೆಗೂ ಯಾರಾದರೂ ಬರುತ್ತಾರೆ. ಮೊದಲ ವಾರ ಪರೀಕ್ಷೆ ಮಾಡೋಣ ಅಂತ ಮೂರು ಸಲ ಒತ್ತಿದೆ. ಬೈಸಿಕೊಂಡೆ.

ಅದೆಲ್ಲ ಬಿಡಿ. ನಿಮಗೆ ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ನಿಮ್ಮ ಕಾಲುಗುರು ಯಾರು ಕತ್ತರಿಸುತ್ತಾರೆ?

ನಗಬೇಡಿ. 76ರಲ್ಲಿ ಬಗ್ಗಿ ನೋಡಿ. ಸೊಂಟಕ್ಕೆ ಸ್ಕ್ರೂ ಹಾಕಿಸಿಕೊಂಡವರಿಗೆ ಹೆಬ್ಬೆರಳು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಮಗನಿಗೆ ಹೇಳಿದ್ದರೆ ಕತ್ತರಿಸುತ್ತಿದ್ದ. ನನಗೇ ಬಾಯಿ ಬರಲಿಲ್ಲ. ಬೆಂಗಳೂರಲ್ಲಿ ಇದ್ದಷ್ಟು ದಿನ ಚಳಿ ಅಂತ ಹೇಳಿ ಸಾಕ್ಸ್ ಹಾಕಿಕೊಂಡೇ ಇದ್ದೆ.

ಇಲ್ಲಿ ಹೊಸನಗರ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ತರುತ್ತಾಳೆ. ಮೊದಲು ತನ್ನ ಮೊಣಕೈ ಅದ್ದಿ ನೋಡುತ್ತಾಳೆ, ನನಗೆ ಸಕ್ಕರೆ ಕಾಯಿಲೆ, ಪಾದಕ್ಕೆ ಬಿಸಿ ಅಷ್ಟಾಗಿ ಗೊತ್ತಾಗುವುದಿಲ್ಲ ಅಂತ. ಐದು ನಿಮಿಷ ಬಿಟ್ಟು, ತೊಡೆ ಮೇಲೆ ಟವೆಲ್ ಹಾಸಿ, ನನ್ನ ಕಾಲನ್ನು ಅದರ ಮೇಲಿಟ್ಟುಕೊಂಡು ಬೆರಳಿನ ಸಂದಿಯೆಲ್ಲ ಒರೆಸುತ್ತಾಳೆ. ಮೂಲೆ ಕೊರೆಯದೆ ನೇರ ಕತ್ತರಿಸುತ್ತಾಳೆ. ಚಿಕ್ಕ ಗಾಯ ಆದರೂ ನಮ್ಮಂಥವರಿಗೆ ಬೇಗ ಮಾಯುವುದಿಲ್ಲ. ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿ ಅವಳ ಅತ್ತೆಯ ದೂರು ಹೇಳುತ್ತಿರುತ್ತದೆ.

ಮೊನ್ನೆ ಬಲಗಾಲು ಮುಗಿದಿತ್ತು. ಪಕ್ಕದ ರೂಮಿನ ಬೆಲ್ ಹೊಡೆಯಿತು, ಟವೆಲ್ ಬಿಸಾಕಿ ಓಡಿದಳು. ಎಡಗಾಲು ಇನ್ನೂ ಬಾಕಿ ಇದೆ.